ಚಿಮಣಿ ಕಟ್ಟಿಸಿದ್ದೀರಿ, ಮಸಿ ತೆಗೆಯುವವರು ಯಾರು?

ಬಳ್ಳಾರಿಯಲ್ಲಿ ಮೈ ಬೆಚ್ಚಗಾಗಲಿ ಎಂದು ಒಲೆ ಹಚ್ಚುವವರಿಲ್ಲ. ಆ ಕೆಲಸವನ್ನು ಬಿಸಿಲೇ ಬೇಕಾದ್ದಕ್ಕಿಂತ ಹೆಚ್ಚಾಗಿ ಮಾಡುತ್ತದೆ. ಆದರೂ ಈ ಸೀಮೆಯಲ್ಲಿ ದಿನವಿಡೀ ಬೆಂಕಿಯ ಮುಂದೆ ನಿಂತು ದುಡಿಯುವವರು ಬೇಕಾದಷ್ಟು ಮಂದಿ. ಮಂಡಕ್ಕಿ ಭಟ್ಟಿ, ಮಿರ್ಚಿ ಕರಿಯುವ ಹೋಟೆಲಿನ ಒಲೆ, ಬೇಕರಿ, ತಂದೂರಿ, ಕಮ್ಮಾರರ ಕುಲುಮೆ, ಮನೆಯ ನೀರೊಲೆ. ಇವನ್ನು ಕಟ್ಟುವುದು, ಕೆಟ್ಟರೆ ಸರಿಮಾಡುವುದು ನನ್ನ ಕಸುಬು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಓಡಾಡಿ ನಾನು ಕಂಡದ್ದು ಇಷ್ಟು: ಚಿಮಣಿ ಕಟ್ಟಿಸಲು ಜನರ ಹತ್ತಿರ ದುಡ್ಡಿದೆ, ಅದರ ಮಸಿ ತೆಗೆಸಲು ಇಲ್ಲ. ಮಸಿ ಕಟ್ಟಿದ ಚಿಮಣಿಗಿಂತ ಚಿಮಣಿ ಇಲ್ಲದಿರುವುದೇ ಮೇಲು. ಇಲ್ಲದಿದ್ದರೆ ಕಿಟಕಿಯನ್ನಾದರೂ ತೆರೆದಿಡುತ್ತಾರೆ. ಇದೆ ಎಂಬ ಧೈರ್ಯಕ್ಕೆ ಅದನ್ನೂ ಮುಚ್ಚಿಬಿಡುತ್ತಾರೆ.

ಕೆಲಸ ಮುಗಿಸಿ ಕೂಲಿ ಎಣಿಸಿಕೊಳ್ಳುವಾಗ ಮಾಲಕರ ಪ್ರಶ್ನೆ ಒಂದೇ: ‘ಮೇಸ್ತ್ರಿ, ಇನ್ನ ಎಷ್ಟು ವರ್ಷ ಇದರ ಕಡೆ ನೋಡಂಗಿಲ್ಲ ಹೇಳು.’ ಇಲ್ಲಿ ವರ್ಷದ ಲೆಕ್ಕ ನಡೆಯುವುದಿಲ್ಲ. ಚಳಿಗೆ ಒಲೆ ಹಚ್ಚುವ ಬ್ರಿಟನ್ನಿನಲ್ಲಿ ಚಿಮಣಿ ಗುಡಿಸುವವರ ಸಂಘಗಳು ಹೇಳುವುದು ಹೀಗೆ: ಹೊಗೆಯಿಲ್ಲದ ಇಂಧನಕ್ಕೆ ವರ್ಷಕ್ಕೆ ಒಮ್ಮೆಯಾದರೂ, ಹೊಗೆ ಬಿಡುವ ಕಲ್ಲಿದ್ದಲಿಗೆ ಎರಡು ಸಲ, ಕಟ್ಟಿಗೆಗೆ ಉರಿಸುವ ಕಾಲದಲ್ಲಿ ಮೂರು ತಿಂಗಳಿಗೊಮ್ಮೆ. ಅದು ಚಳಿಗಾಲದಲ್ಲಿ ಮಾತ್ರ ಉರಿಯುವ ಮನೆಯೊಲೆಯ ಲೆಕ್ಕ. ನಸುಕಿನಲ್ಲಿ ಹಚ್ಚಿ ರಾತ್ರಿ ಆರಿಸುವ, ವರ್ಷದ ಹನ್ನೆರಡು ತಿಂಗಳೂ ಉರಿಯುವ ಹೋಟೆಲಿನ ಒಲೆಗೆ ಅದು ಸಾಲದು.

ಸುಡುವ ವಸ್ತು ಯಾವುದೋ ಮಸಿಯೂ ಅದರಂತೆ. ಬಳ್ಳಾರಿ ಜಾಲಿ ಚೆನ್ನಾಗಿ ಒಣಗಿದ್ದರೆ ಒಳ್ಳೆಯ ಕಟ್ಟಿಗೆ. ನಿಗಿನಿಗಿ ಕೆಂಡ ಬೀಳುತ್ತದೆ. ಹಸಿದನ್ನೇ ತುರುಕಿದರೆ ಹೊಗೆ ಮೇಲೇರುತ್ತಲೇ ತಣ್ಣಗಾಗಿ ಕೊಳವೆಯ ಗೋಡೆಗೆ ಡಾಂಬರಿನಂತೆ ಅಂಟುತ್ತದೆ. ಆ ಅಂಟಿಗೇ ಬೆಂಕಿ ಹತ್ತಿದರೆ ಚಿಮಣಿಯೇ ಉರಿಯುತ್ತದೆ. ಕಲ್ಲಿದ್ದಲಿನ ಮಸಿ ಒಣಪುಡಿ, ಅಂಟುವುದು ಕಡಿಮೆ. ಆದರೆ ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಬಹಳ, ತೂಕದ ಮೂರನೇ ಒಂದು ಪಾಲು ಬೂದಿಯೇ ಇರುವುದುಂಟು. ಅದರ ಸಣ್ಣ ಪುಡಿ ಹೊಗೆಯ ಜೊತೆ ಹಾರಿ ಕೊಳವೆಯ ಬೆಂಡಿನಲ್ಲಿ ಕೂರುತ್ತದೆ. ಮಳೆಗಾಲದ ತೇವ ತಾಗಿದರೆ ಮಸಿಯಲ್ಲಿರುವ ಗಂಧಕ ಆಮ್ಲವಾಗಿ ತಗಡನ್ನು ಒಳಗಿನಿಂದಲೇ ತಿನ್ನುತ್ತದೆ. ಕೆಂಡವಾದ ಮೇಲೆ ಹೊಗೆ ಕಾಣುವುದಿಲ್ಲ, ಜನ ಅದನ್ನೇ ನಂಬುತ್ತಾರೆ. ಕಾಣದ ಆ ಗಾಳಿಯಲ್ಲೇ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ನಾನು ಹೇಳುವ ಲೆಕ್ಕ ಇದು. ದಿನವೂ ಉರಿಯುವ ಕಲ್ಲಿದ್ದಲಿನ ಭಟ್ಟಿಗೆ ವಾರಕ್ಕೊಮ್ಮೆ ಬೆಂಡಿನ ಕೆಳಗಿನ ಮಸಿ ಬಾಗಿಲು ತೆಗೆದು ನೋಡಿ, ತಿಂಗಳಿಗೊಮ್ಮೆ ಕೊಳವೆಯನ್ನು ಪೂರ್ತಿ ಗುಡಿಸಿ. ಒಣ ಕಟ್ಟಿಗೆಗೂ ತಿಂಗಳು. ಹಸಿ ಜಾಲಿ ಬಿಡಲಾಗದವರು ಹದಿನೈದು ದಿನಕ್ಕೆ ಗುಡಿಸಬೇಕು. ಮನೆಯ ನೀರೊಲೆಗೆ ವರ್ಷಕ್ಕೆ ಮೂರು ಸಲ ಸಾಕು, ಅದರಲ್ಲಿ ಒಂದು ನೀರು ತುಂಬುವ ಹಬ್ಬದ ಮುಂಚೆ ಆಗಲಿ. ಹಂಡೆಯನ್ನು ಫಳಫಳ ತಿಕ್ಕಿ ಸುಣ್ಣದ ಪಟ್ಟೆ ಎಳೆಯುವ ನಾವು ಅದರ ಹಿಂದಿನ ಕೊಳವೆಯನ್ನು ಮುಟ್ಟುವುದಿಲ್ಲ. ಅನುಮಾನ ಬಂದರೆ ಉರಿಯುವ ಕಾಗದವನ್ನು ಒಲೆಯ ಬಾಯಿಗೆ ಹಿಡಿಯಿರಿ. ಜ್ವಾಲೆ ಒಳಕ್ಕೆ ಬಾಗಬೇಕು. ನೆಟ್ಟಗೆ ನಿಂತರೆ, ಇಲ್ಲವೇ ನಿಮ್ಮ ಕಡೆಗೆ ಬಾಗಿದರೆ, ಒಲೆ ಆರಿಸಿ.

ಬಳ್ಳಾರಿಯ ಒಂದು ಹೋಟೆಲಿನವರು, ನಾನೇ ಕಟ್ಟಿದ ಒಲೆ ‘ಎಳೀವಲ್ದು’ ಎಂದು ದೂರಿ ಕರೆಸಿದ್ದರು. ಬೆಂಡು ಬಿಚ್ಚಿದರೆ ಒಂಬತ್ತು ಇಂಚಿನ ಕೊಳವೆಯಲ್ಲಿ ಮುಷ್ಟಿ ತೂರುವಷ್ಟೂ ಜಾಗ ಉಳಿದಿರಲಿಲ್ಲ. ಮೇಲಿನ ಟೋಪಿ ಗಾಳಿಗೆ ಹಾರಿಹೋಗಿ, ಬಾಯಲ್ಲಿ ಪಾರಿವಾಳ ಕಡ್ಡಿ, ವೈರಿನ ತುಂಡು ತಂದು ಗೂಡು ಕಟ್ಟಿತ್ತು. ಕೆಳಗೆ ಬಾಣಲೆಯ ಮುಂದಿದ್ದ ಹುಡುಗ ಹೇಳಿದ: ‘ಮಧ್ಯಾಹ್ನ ಆತಂದ್ರ ತಲಿ ಸಿಡಿತೈತಣ್ಣ, ಬಿಸಿಲಿಗೆ ಇರಬೇಕು.’ ಬಳ್ಳಾರಿಯಲ್ಲಿ ಎಲ್ಲ ತಲೆನೋವನ್ನೂ ಬಿಸಿಲಿನ ತಲೆಗೇ ಕಟ್ಟುವುದು ಸುಲಭ. ಕೊಳವೆ ಗುಡಿಸಿ ಟೋಪಿ ಹಾಕಿದ ಮೇಲೆ ಹೊರಗೆ ಬಿಸಿಲು ಅಷ್ಟೇ ಇತ್ತು, ಹುಡುಗನ ತಲೆನೋವು ಮಾತ್ರ ಹೋಗಿತ್ತು.

ಈ ಉದಾಸೀನ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದವರು 80ರ ದಶಕದ ಆರಂಭದಲ್ಲಿ ಅಸ್ತ್ರ ಒಲೆಯನ್ನು ರೂಪಿಸಿದರು. ಒಂದೇ ಉರಿಗೆ ಮೂರು ಪಾತ್ರೆ, ಕೆಳಗೆ ಜಾಲರಿ, ಹೊಗೆ ಹೊರಹೋಗಲು ಕೊಳವೆ. 1983ರಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಯೋಜನೆಯನ್ನೇ ತಂದಿತು. ಅಸ್ತ್ರ ಒಲೆ ಕಟ್ಟುತ್ತಲೇ ನಾನು ಈ ಕಸುಬು ಕಲಿತೆ. ಒಲೆ ಒಳ್ಳೆಯದೇ, ಕಟ್ಟಿಗೆ ಉಳಿಯಿತು, ಅಡುಗೆಮನೆ ಬೆಳ್ಳಗಾಯಿತು. ಕೊಳವೆ ಕಟ್ಟಿಕೊಂಡ ಮೇಲೆ ಹೊಗೆ ಮತ್ತೆ ಒಳಗೇ ತಿರುಗಿತು, ಜನ ಒಲೆಯನ್ನು ಒಡೆದು ಹಾಕಿದರು. ಕುರುಗೋಡಿನ ಹತ್ತಿರದ ಹಳ್ಳಿಯಲ್ಲಿ ಅಜ್ಜಿಯೊಬ್ಬರು ನನ್ನನ್ನು ಕೇಳಿದ್ದರು: ‘ಮಾಳಿಗಿ ಮ್ಯಾಲೆ ನಾ ಹತ್ತಲೇನಪ್ಪ, ಸೊಸಿ ಹತ್ತಬೇಕೇನು?’ ಒಲೆ ಹೆಂಗಸರದು, ಮಾಳಿಗೆ ಗಂಡಸರದು. ಹೊಗೆ ಕುಡಿಯುವವರಿಗೆ ಮೇಲೆ ಹತ್ತಲಾಗದು, ಹತ್ತಬಲ್ಲವರಿಗೆ ಹೊಗೆಯ ಕಾಟವಿಲ್ಲ. ಕಟ್ಟಿದ ಒಲೆಗಳ ಲೆಕ್ಕವೇನೋ ಸಿಗುತ್ತಿತ್ತು. ಮರುವರ್ಷ ಎಷ್ಟು ಉರಿಯುತ್ತಿದ್ದವು ಎಂದು ಕೇಳುವವರಿರಲಿಲ್ಲ. 2002ಕ್ಕೆ ಯೋಜನೆಯೇ ನಿಂತಿತು. 2016ರಲ್ಲಿ ಉಜ್ವಲ ಯೋಜನೆಯ ಗ್ಯಾಸು ಬಂದರೂ ಸ್ನಾನದ ನೀರು ಇವತ್ತಿಗೂ ಎಷ್ಟೋ ಮನೆಗಳಲ್ಲಿ ಜಾಲಿಯ ಮೇಲೆಯೇ ಕಾಯುತ್ತದೆ.

ಸಿರುಗುಪ್ಪದ ಕಡೆ ನೋಡಿ. ಕಾಲುವೆ ನೀರಿಗೆ ಭತ್ತ, ಭತ್ತಕ್ಕೆ ಮಿಲ್ಲು. ಕುಸುಬಲಕ್ಕಿ ಮಾಡುವ ಮಿಲ್ಲಿಗೆ ಹೊಟ್ಟಿನಲ್ಲಿ ಉರಿಯುವ ಬಾಯ್ಲರು ಬೇಕು. ಅದಕ್ಕೆ 1923ರಿಂದಲೇ ಕಾನೂನಿದೆ, 2025ರಲ್ಲಿ ಹೊಸದೂ ಬಂದಿದೆ. ತಪಾಸಣೆ, ಪ್ರಮಾಣಪತ್ರ ಎಲ್ಲ ಇರುವುದರಿಂದ ತಪಾಸಣೆಯ ನೆಪದಲ್ಲಾದರೂ ಒಳಗೆ ಬ್ರಷ್ ಆಡುತ್ತದೆ. ಇದರಲ್ಲಿ ಮಾಲಕರ ಲಾಭವೂ ಇದೆ: ಬಾಯ್ಲರಿನ ಟ್ಯೂಬಿಗೆ 3 ಮಿಲಿಮೀಟರ್ ಮಸಿ ಕೂತರೆ ಇಂಧನ ಶೇ 2.5ರಷ್ಟು ಹೆಚ್ಚು ಬೇಕಾಗುತ್ತದೆ ಎನ್ನುತ್ತದೆ ಕೇಂದ್ರದ ಇಂಧನ ದಕ್ಷತಾ ಬ್ಯೂರೊ. ಪೇಟೆಯ ಹೋಟೆಲ್ ಒಲೆಗೆ ಇಂಥ ಕಣ್ಗಾವಲಿಲ್ಲ.

ಗುಡಿಸಬೇಕಾದವರು ಯಾರು ಎಂಬುದೂ ಸಣ್ಣ ಮಾತಲ್ಲ. ಇಂಗ್ಲೆಂಡಿನಲ್ಲಿ ಪುಟ್ಟ ಹುಡುಗರನ್ನೇ ಚಿಮಣಿಯೊಳಗೆ ಹತ್ತಿಸುತ್ತಿದ್ದರು. ಆ ಮಸಿಯಿಂದ ಕ್ಯಾನ್ಸರ್ ಬರುತ್ತದೆಂದು ಪರ್ಸಿವಲ್ ಪಾಟ್ ಎಂಬ ವೈದ್ಯ 1775ರಲ್ಲೇ ಬರೆದ. ಆ ಪದ್ಧತಿಗೆ ಕಾನೂನು ಕೊನೆ ಹಾಡಿದ್ದು 1875ರಲ್ಲಿ, ಸರಿಯಾಗಿ ನೂರು ವರ್ಷದ ಮೇಲೆ. ನಮ್ಮಲ್ಲಿ ಈ ಕೆಲಸ ಲೋಟ ತೊಳೆಯುವ ಹುಡುಗನ ಪಾಲಿಗೆ ಬೀಳುತ್ತದೆ. ಬಾಯಿಗೆ ಕಟ್ಟಲು ಒಂದು ಬಟ್ಟೆಯೂ ಇರುವುದಿಲ್ಲ. ಹಳೆಯ ಕಲ್ನಾರಿನ ಕೊಳವೆಯಾದರೆ ಅದನ್ನು ಕೆರೆಯುವುದೇ ಅಪಾಯ, ಪೂರ್ತಿ ಬದಲಾಯಿಸಬೇಕು.

ಬಳ್ಳಾರಿ ಮಹಾನಗರ ಪಾಲಿಕೆ, ಸಿರುಗುಪ್ಪ ಮತ್ತು ಕುರುಗೋಡಿನ ಸ್ಥಳೀಯ ಆಡಳಿತಗಳು ಮಾಡಬೇಕಾದ್ದು ಕಷ್ಟದ್ದೇನಲ್ಲ. ಹೋಟೆಲು, ಬೇಕರಿ, ಭಟ್ಟಿಗಳ ವ್ಯಾಪಾರ ಪರವಾನಗಿ ನವೀಕರಿಸುವಾಗ ಒಂದು ಸಾಲು ಸೇರಿಸಲಿ: ಚಿಮಣಿಗೆ ಮಸಿ ಬಾಗಿಲು ಇದೆಯೇ, ಕಳೆದ ಸಲ ಗುಡಿಸಿದ್ದು ಯಾವಾಗ, ಗುಡಿಸಿದ್ದು ಯಾರು? ತಾರೀಖನ್ನು ಒಲೆಯ ಪಕ್ಕದ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಲಿ, ಅಲ್ಲಿ ದುಡಿಯುವವನ ಕಣ್ಣಿಗೆ ಬೀಳುವಂತೆ. ಸಣ್ಣ ವ್ಯಾಪಾರಿಗೆ ಇದು ಹೊರೆ ಎನ್ನುವವರಿದ್ದಾರೆ. ತಿಂಗಳಿಗೆ ಒಬ್ಬ ಆಳಿನ ಅರ್ಧ ದಿನದ ಕೂಲಿ, ಒಂದು ಬ್ರಷ್, ಒಂದು ಹಗ್ಗ; ಖರ್ಚು ಅಷ್ಟೇ. ಎಳೆಯದ ಒಲೆಗೆ ಸುರಿಯುವ ಹೆಚ್ಚಿನ ಕಟ್ಟಿಗೆಯಲ್ಲೇ ಅದು ಹುಟ್ಟುತ್ತದೆ.

ಮಸಿ ಬಾಗಿಲು ಗೋಡೆಯ ಅಂದ ಕೆಡಿಸುತ್ತದೆ, ಬೇಡ ಎನ್ನುವವರ ಕೆಲಸವನ್ನು ನಾನು ಈಗ ಹಿಡಿಯುತ್ತಿಲ್ಲ. ಊರಿನ ಮೇಸ್ತ್ರಿಗಳೆಲ್ಲ ಇದೊಂದು ಮಾತಿಗೆ ಗಟ್ಟಿಯಾಗಿ ನಿಂತರೆ ಪಾಲಿಕೆಯ ಆದೇಶಕ್ಕೆ ಕಾಯುವ ಅಗತ್ಯವೂ ಇರುವುದಿಲ್ಲ.