ಉಗಿಬಂಡಿಯನ್ನೇ ಕಾಣದ ಸೀಮೆ

ನೀಲಗಿರಿಯಲ್ಲಿ ಮೆಟ್ಟುಪಾಳ್ಯದಿಂದ ಕೂನೂರಿಗೆ ಹಳೆಯ ಉಗಿಬಂಡಿ ಹಲ್ಲುಕಂಬಿ ಹಿಡಿದು ಬೆಟ್ಟ ಏರುತ್ತದೆ. 2005ರಲ್ಲಿ ಯುನೆಸ್ಕೊ ಸಂಸ್ಥೆ ಆ ಮಾರ್ಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂತೋಷ. ದುಡಿದ ಕೈಗಳು ಕಟ್ಟಿದ್ದು ಉಳಿಯಲೇಬೇಕು. ಆದರೆ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಜನ ಕೇಳಬೇಕಾದ ಪ್ರಶ್ನೆ ಬೇರೆ. ನಮ್ಮ ಊರುಗಳ ಉಗಿಬಂಡಿ ಎಲ್ಲಿ? ಅದು ಬರಲೇ ಇಲ್ಲ!

1871ರಲ್ಲಿ ಮುಂಬಯಿ ಕಡೆಯ ಕಂಬಿಯೂ ಮದರಾಸು ಕಡೆಯ ಕಂಬಿಯೂ ರಾಯಚೂರಿನಲ್ಲಿ ಕೂಡಿದವು. ಎರಡು ಬಂದರುಗಳನ್ನು ಜೋಡಿಸುವುದು ಅಂದಿನ ಕಂಪನಿಗಳಿಗೆ ಬೇಕಾಗಿತ್ತು. ಎಡೆದೊರೆ ನಾಡಿನ ಒಳಗಿನ ರೈತನನ್ನು ಪೇಟೆಗೆ ಮುಟ್ಟಿಸುವುದು ಬೇಕಾಗಿರಲಿಲ್ಲ. 1948ರಲ್ಲಿ ನಿಜಾಮಶಾಹಿ ಹೋಯಿತು. 1956ರಲ್ಲಿ ನಾಡು ಒಂದಾಯಿತು. ತುಂಗಭದ್ರೆಯ ಎಡದಂಡೆ ಕಾಲುವೆ ಬಂತು, ಭತ್ತ ಬೆಳೆಯಿತು, ಅಕ್ಕಿ ಗಿರಣಿಗಳು ಎದ್ದವು. ರೈಲು ಮಾತ್ರ ಬರಲಿಲ್ಲ. 1997–98ರಲ್ಲಿ ಮಂಜೂರಾದ ಗಿಣಿಗೇರಾ–ರಾಯಚೂರು ಮಾರ್ಗದಲ್ಲಿ ಸಿಂಧನೂರಿಗೆ ರೈಲು ಬಂದುದು 2024ರ ಮಾರ್ಚ್ ತಿಂಗಳಲ್ಲಿ. ರಾಯಚೂರಿನ ಕೂಡುಕಂಬಿಗೂ ಸಿಂಧನೂರಿನ ಮೊದಲ ರೈಲಿಗೂ ನಡುವೆ 153 ವರ್ಷ! ಲಿಂಗಸುಗೂರಿನ ಮೇಲೆ ಹಾಯಬೇಕಾದ ಗದಗ–ವಾಡಿ ಮಾರ್ಗದಲ್ಲಿ 2025ರ ಮೇ ತಿಂಗಳಲ್ಲಿ ಬಂಡಿ ಕುಷ್ಟಗಿಯವರೆಗೆ ಬಂದು ನಿಂತಿತು.

ಈ ಬಯಲುಸೀಮೆಯಲ್ಲಿ ನೋಡಲೇನಿದೆ ಎನ್ನುವವರು ಒಮ್ಮೆ ಕಿಟಕಿಯ ಪಕ್ಕ ಕೂರಲಿ. ಗಂಗಾವತಿಯ ಆಸುಪಾಸಿನಲ್ಲಿ ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆಗಳ ಗುಡ್ಡಗಳು. ಅಲ್ಲಿಯ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಬೃಹತ್ ಶಿಲಾಯುಗದ ಕಲ್ಲುಗೋರಿಗಳು. ಕಾರಟಗಿ ಸೀಮೆಗೆ ಬಂದರೆ ಕಾಲುವೆ, ಭತ್ತದ ಗದ್ದೆ, ಗಿರಣಿ. ಸಿಂಧನೂರಿನಲ್ಲಿ ಇಳಿದು ಲಿಂಗಸುಗೂರು ರಸ್ತೆ ಹಿಡಿದರೆ ನಡುವೆ ಮಸ್ಕಿ. ಮುಂದೆ ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿಯ ಚಿನ್ನದ ಗಣಿ, ಮುದಗಲ್ಲಿನ ಕೋಟೆ. ಚರಿತ್ರೆಗೆ ಇಲ್ಲಿ ಬರವಿಲ್ಲ.

ಆದರೆ ಇಲ್ಲಿಯ ರೈಲು ವಿನೋದಯಾತ್ರೆಯ ಗಾಡಿಯಾಗುವುದಕ್ಕೆ ಮೊದಲು ದುಡಿಯುವವರ ಗಾಡಿಯಾಗಬೇಕು. ಗಿರಣಿಯ ಹಮಾಲನಿಗೂ ಗಣಿಯ ಕೆಲಸಗಾರನಿಗೂ ಒಗ್ಗುವ ವೇಳೆಗೆ ಅದು ಹೊರಡಬೇಕು. ಹತ್ತು ಚೀಲದ ವ್ಯಾಪಾರಿಯ ಮಾಲಿಗೂ ಅದರಲ್ಲಿ ಜಾಗವಿರಬೇಕು. ಕಂಬಿ ಸಿಂಧನೂರಿನಲ್ಲೇ ನಿಂತು ತುಕ್ಕು ಹಿಡಿಯದೆ, ಮಾನ್ವಿಯ ಮೇಲೆ ರಾಯಚೂರು ಮುಟ್ಟಬೇಕು. ಕುಷ್ಟಗಿಯಿಂದ ಲಿಂಗಸುಗೂರಿಗೆ ಗಡುವು ಹೇಳಿ ಕೆಲಸ ನಡೆಯಬೇಕು. ಮಸ್ಕಿಯ ಜನಕ್ಕೆ ಪ್ರತಿ ರೈಲಿಗೂ ಹೊಂದುವ ಬಸ್ಸು ಬೇಕು. ಇಷ್ಟಾದರೆ ಚರಿತ್ರೆ ನೋಡಬಂದವರಿಗೂ ಅದೇ ದಾರಿಯಾಗುತ್ತದೆ.

1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರನಿಗೆ ಮಸ್ಕಿಯ ಬಂಡೆಯ ಮೇಲೆ ಶಾಸನ ಸಿಕ್ಕಿತು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದಕ್ಕೆ ಲೋಕಕ್ಕೆ ದೊರೆತ ಸಾಕ್ಷಿ ಆ ಕಲ್ಲು. ಶ್ರೇಯಸ್ಸು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಾಮಾನ್ಯನೂ ಅದನ್ನು ಪಡೆಯಬಲ್ಲ ಎಂಬುದು ಅದರ ಸಾರ. ಎರಡು ಸಾವಿರ ವರ್ಷಗಳಿಗೂ ಹಿಂದೆ ಒಬ್ಬ ಚಕ್ರವರ್ತಿ ನಮ್ಮ ನೆಲದ ಕಲ್ಲಿನಲ್ಲಿ ಬರೆಸಿದ ಈ ಮಾತನ್ನು ರೈಲ್ವೆ ಇಲಾಖೆಯವರು ಓದಿಕೊಳ್ಳಲಿ.