ಗಣಕಯಂತ್ರದೊಳಗಿನ ತಮಟೆ

ಸಂಗೀತಕ್ಕೆ ಶ್ರುತಿಯೇ ತಾಯಿ, ಲಯವೇ ತಂದೆ ಎಂದು ಹಿರಿಯರು ಹೇಳುತ್ತಾರೆ. ಈ ತಂದೆಯನ್ನು ಈಗ ಅಂಗಡಿಯಿಂದ ಕೊಂಡು ತರುವ ಅನುಕೂಲವೂ ಒದಗಿದೆ! ಒಂದು ಗಣಕಯಂತ್ರ, ಒಂದು ಹೆಡ್‌ಫೋನ್, ‘ವರ್ಚುವಲ್ ಡ್ರಮ್’ ಎಂಬ ತಂತ್ರಾಂಶ, ಇಷ್ಟಿದ್ದರೆ ಹಾಸ್ಟೆಲಿನ ಮೂಲೆಯಲ್ಲಿ ಕುಳಿತವನೂ ತನ್ನ ಹಾಡಿಗೆ ತುಂಬು ಡ್ರಮ್ ವಾದನವನ್ನು ಕೂಡಿಸಬಲ್ಲ. ಇದು ಕಲೆಯೋ, ಸೋಮಾರಿತನವೋ, ಪರರ ಸೊತ್ತಿನ ಮೇಲಿನ ಮೆರೆದಾಟವೋ ಎಂಬ ವಾದ ನಮ್ಮ ಸಂಗೀತಪ್ರಿಯ ಮಿತ್ರರಲ್ಲಿ ಆಗಾಗ ಏಳುವುದುಂಟು. ಆ ವಿಷಯವಾಗಿ ನನ್ನ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇನೆ.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯೋಣ. ‘ಮಿಡಿ’ ಎಂದೊಡನೆ ಕನ್ನಡದ ಕಿವಿಗೆ ನಾಡಿಯ ಮಿಡಿತ ನೆನಪಾಗುತ್ತದೆ. ಆದರೆ ಅದು ‘ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಡಿಜಿಟಲ್ ಇಂಟರ್‌ಫೇಸ್’ ಎಂಬ ಆಂಗ್ಲ ಪದಗಳ ಮೊದಲಕ್ಷರಗಳ ಗುಚ್ಛ. 1983ರಲ್ಲಿ ಬಳಕೆಗೆ ಬಂದ ಈ ಪದ್ಧತಿಯಲ್ಲಿ ಧ್ವನಿಯೇ ಇಲ್ಲ. ಯಾವ ಸ್ವರ, ಯಾವ ಕ್ಷಣದಲ್ಲಿ, ಎಷ್ಟು ಬಲದಿಂದ ನುಡಿಯಬೇಕೆಂಬ ಆಜ್ಞೆಗಳು ಮಾತ್ರ ಇವೆ. ಬಲವನ್ನು 1ರಿಂದ 127ರವರೆಗಿನ ಅಂಕಿಗಳಿಂದ ಸೂಚಿಸುತ್ತಾರೆ. 1991ರಲ್ಲಿ ಬಂದ ‘ಜನರಲ್ ಮಿಡಿ’ ಎಂಬ ಒಪ್ಪಂದದಂತೆ 36 ಎಂದರೆ ಕಾಲಿನಿಂದ ತುಳಿದು ನುಡಿಸುವ ಬೇಸ್ ಡ್ರಮ್, 38 ಎಂದರೆ ಸ್ನೇರ್, 42 ಎಂದರೆ ಮುಚ್ಚಿದ ಹೈ-ಹ್ಯಾಟ್. ತಂತ್ರಾಂಶವು ಈ ಅಂಕಿಗಳನ್ನು ಓದಿ, ಮೊದಲೇ ಧ್ವನಿಮುದ್ರಿಸಿಟ್ಟ ಪೆಟ್ಟುಗಳನ್ನು ಕೇಳಿಸುತ್ತದೆ. ‘ಗ್ರೂವ್’ ಎಂಬುದು ಇಂಥ ಆಜ್ಞೆಗಳ ಒಂದು ಕಡತ. ಸಾಮಾನ್ಯವಾಗಿ ನುರಿತ ವಾದಕನೊಬ್ಬ ಎಲೆಕ್ಟ್ರಾನಿಕ್ ಡ್ರಮ್ಮಿನ ಮೇಲೆ ನುಡಿಸಿದ ನಡೆಯಿಂದ ಅದು ಹುಟ್ಟುತ್ತದೆ. ಕಡತದಲ್ಲಿರುವುದು ಆಜ್ಞೆಯೇ ಹೊರತು ಧ್ವನಿಯಲ್ಲವಾದುದರಿಂದ, ವೇಗವನ್ನು ನಿಮಿಷಕ್ಕೆ 90 ಗತಿಗಳಿಂದ 120ಕ್ಕೆ ಏರಿಸಿದರೂ ವಾದ್ಯದ ನಾದ ಕೆಡುವುದಿಲ್ಲ.

“ಯಂತ್ರದ ತಾಳಕ್ಕೆ ಜೀವವೆಲ್ಲಿ?” ಎಂದು ಕೇಳುವವರುಂಟು. ಈ ಆಕ್ಷೇಪಣೆಯಲ್ಲಿ ಅರ್ಧ ಸತ್ಯವಿದೆ. 1980ರಲ್ಲಿ ಅಮೆರಿಕದ ರೋಜರ್ ಲಿನ್ ಎಂಬುವರು ಎಲ್‌ಎಂ-1 ಎಂಬ ಯಂತ್ರದೊಳಗೆ ನಿಜವಾದ ಡ್ರಮ್ಮಿನ ಧ್ವನಿಗಳನ್ನೇ ಅಡಗಿಸಿಟ್ಟರು. ಅಂದಿನಿಂದ ಯಂತ್ರದ ಹಿಂದೆ ಮನುಷ್ಯನ ಕೈ ಇದ್ದೇ ಇದೆ. ಒಳ್ಳೆಯ ತಂತ್ರಾಂಶದಲ್ಲಿ ಒಂದೇ ವಾದ್ಯದ ಮೆಲುಪೆಟ್ಟು, ನಡುಪೆಟ್ಟು, ಬಿರುಸಿನ ಪೆಟ್ಟುಗಳು ಬೇರೆ ಬೇರೆಯಾಗಿ, ಒಂದೊಂದೂ ಹಲವು ಸಲ ಮುದ್ರಿತವಾಗಿರುತ್ತವೆ. ನಿಮಿಷಕ್ಕೆ 120 ಗತಿಯ ಹಾಡಿನಲ್ಲಿ ಒಂದು ಗತಿಯ ಕಾಲುಭಾಗವೆಂದರೆ 125 ಮಿಲಿಸೆಕೆಂಡು. ವಾದಕನ ಕೈ ಆ ಗೆರೆಗಿಂತ ಕೂದಲೆಳೆಯಷ್ಟು ಮುಂದೆಯೋ ಹಿಂದೆಯೋ ಬೀಳುತ್ತದೆ; ಆ ಎಳೆತದಲ್ಲಿಯೇ ನಡೆಯ ಸೊಗಸಿರುವುದು. ‘ಕ್ವಾಂಟೈಸ್’ ಎಂಬ ಗುಂಡಿಯನ್ನೊತ್ತಿ ಎಲ್ಲ ಪೆಟ್ಟುಗಳನ್ನೂ ಗೆರೆಗೆ ಎಳೆದು ಕಟ್ಟಿ, ಎಲ್ಲಕ್ಕೂ 127ರ ಬಲವನ್ನೇ ಕೊಟ್ಟರೆ ಹಾಡು ಸಾಯುತ್ತದೆ. ಕೊಂದದ್ದು ಯಂತ್ರವಲ್ಲ, ಗುಂಡಿಯನ್ನೊತ್ತಿದ ಬೆರಳು.

ಇನ್ನು ಹಣದ ಮಾತು. ಡ್ರಮ್ ಸೆಟ್ಟು, ಅದಕ್ಕೊಂದು ಕೋಣೆ, ನಾಲ್ಕಾರು ಮೈಕುಗಳು, ಸ್ಟುಡಿಯೋ ಬಾಡಿಗೆ ಇವೆಲ್ಲ ಉಳ್ಳವರ ಮಾತು. ನಮ್ಮ ಮನೆತನದಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನಂಥವರಿಗೆ ‘ಹೈಡ್ರೋಜನ್’ನಂತಹ ಉಚಿತ ಡ್ರಮ್ ತಂತ್ರಾಂಶ ಒಂದು ವರವೇ ಸರಿ. ಇದನ್ನು ಹಳಿಯುವವರು, ಬಡವನು ಹಾಡು ಕಟ್ಟಬಾರದೆಂದು ಹೇಳಿದಂತಾಗುವುದನ್ನು ಯೋಚಿಸಬೇಕು.

ಆದರೂ ನನ್ನ ಮನಸ್ಸಿಗೆ ಪೂರ್ಣ ಸಮಾಧಾನವಿಲ್ಲ. ಕಾರಣ, ನನ್ನ ತಂದೆಯವರು ತಮಟೆಯ ವಾದಕರು. ಚರ್ಮವನ್ನು ಬೆಂಕಿಗೆ ಕಾಯಿಸಿ ಹದಕ್ಕೆ ತಂದು, ಎರಡು ಕಡ್ಡಿಗಳಿಂದ ಅವರು ನುಡಿಸುವ ನಡೆಗಳನ್ನು ನಾನು ಕೊಂಡು ತರಬಹುದಾದ ಯಾವ ಗ್ರೂವ್ ಭಂಡಾರದಲ್ಲಿಯೂ ಕಂಡಿಲ್ಲ. ಅಲ್ಲಿರುವುದು ಬಹುಮಟ್ಟಿಗೆ ರಾಕ್, ಜಾಸ್, ಫಂಕ್ ಮುಂತಾದ ಪರದೇಶದ ನಡೆಗಳು. ಅವು ಕೀಳೆಂದು ನಾನು ಹೇಳೆನು. ಆದರೆ ಊರಿನ ಹುಡುಗರೆಲ್ಲ ಸಿದ್ಧ ಗ್ರೂವ್‌ಗಳನ್ನೇ ಎಳೆದು ಹಾಕಿಕೊಳ್ಳುತ್ತ ಹೋದರೆ, ಜಾತ್ರೆಯಲ್ಲಿ ಕೇಳಿ ಬೆಳೆದ ನಡೆ ನಮ್ಮ ಹಾಡಿನಲ್ಲಿಯೇ ಪರದೇಶಿಯಾಗುತ್ತದೆ. ಮದುವೆ ಮೆರವಣಿಗೆಗಳಲ್ಲಿ ಧ್ವನಿವರ್ಧಕದ ಪೆಟ್ಟಿಗೆಗಳು ಬಂದಮೇಲೆ ತಂದೆಯವರಿಗೆ ಬರುವ ವೀಳ್ಯವೂ ಕಡಿಮೆಯಾಗಿದೆ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಕೇರಿಯೆಲ್ಲ ಹಿಗ್ಗಿತು. ಆದರೆ ಪ್ರಶಸ್ತಿ ಒಬ್ಬರಿಗೆ. ಹೊಟ್ಟೆ ಎಲ್ಲರಿಗೂ ಇದೆ.

ಒಮ್ಮೆ ತಂದೆಯವರ ಕಿವಿಗೆ ಹೆಡ್‌ಫೋನ್ ಇಟ್ಟು ಒಂದು ಗ್ರೂವ್ ಕೇಳಿಸಿದೆ. ತಲೆದೂಗಿ, “ಕೈ ಚೆನ್ನಾಗೈತಪ್ಪ. ಆದ್ರೆ ಇವನಿಗೆ ಕುಣಿಯೋರ ಕಾಲು ಕಾಣಾಕಿಲ್ವಲ್ಲ” ಎಂದರು. ತಂತ್ರಾಂಶದ ಮಿತಿಯನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನರಿಯೆ. ಕುಣಿಯುವವನ ಕಾಲು ಸೋತರೆ ನಡೆಯನ್ನು ಇಳಿಸುವುದು, ಹುರುಪೇರಿದರೆ ಏರಿಸುವುದು ವಾದಕನ ಕೆಲಸ. ಕಡತಕ್ಕೆ ಆ ಕಣ್ಣಿಲ್ಲ. ಆದುದರಿಂದ ಗ್ರೂವ್ ಬಳಸುವವನೇ ಆ ಕಣ್ಣಾಗಬೇಕು. ಹಾಡುಗಾರ ಎಲ್ಲಿ ಉಸಿರೆಳೆಯುತ್ತಾನೆ, ಎಲ್ಲಿ ಮಾತು ಭಾರವಾಗುತ್ತದೆ ಎಂಬುದನ್ನು ನೋಡಿ ಪೆಟ್ಟುಗಳನ್ನು ತಿದ್ದಬೇಕು. ಏಳು ಮಾತ್ರೆಯ ಹಾಡನ್ನು ನಾಲ್ಕರ ಚೌಕಟ್ಟಿಗೆ ತುರುಕದೆ, ಚೌಕಟ್ಟನ್ನೇ ಏಳಕ್ಕೆ ಬದಲಿಸಬೇಕು. ತಂತ್ರಾಂಶ ಅದಕ್ಕೆ ಅಡ್ಡಿಮಾಡುವುದಿಲ್ಲ.

ಇನ್ನೊಂದು ಮುಖ್ಯ ವಿಷಯವಿದೆ. 1969ರಲ್ಲಿ ಅಮೆರಿಕದ ವಿನ್‌ಸ್ಟನ್ಸ್ ತಂಡದ ಒಂದು ಹಾಡಿನಲ್ಲಿ ಗ್ರೆಗರಿ ಕೋಲ್‌ಮನ್ ಎಂಬ ವಾದಕ ಕೆಲವೇ ಸೆಕೆಂಡುಗಳ ಕಾಲ ಒಂಟಿಯಾಗಿ ಡ್ರಮ್ ನುಡಿಸಿದ. ‘ಆಮೆನ್ ಬ್ರೇಕ್’ ಎಂದು ಹೆಸರಾದ ಆ ತುಣುಕನ್ನು ಸಾವಿರಾರು ಹಾಡುಗಳು ಎತ್ತಿಕೊಂಡವು. ಆತನಾದರೋ ಅದರಿಂದ ಒಂದು ಕಾಸನ್ನೂ ಕಾಣದೆ 2006ರಲ್ಲಿ ಬಡತನದಲ್ಲಿ ತೀರಿಕೊಂಡ. ನಮ್ಮ ಹಳ್ಳಿಗಳ ವಾದಕರಿಗೆ ಇದೇ ಗತಿ ಬರಬಾರದು.

ಆದುದರಿಂದ ನಮ್ಮ ಕಾಲೇಜಿನ ಸಾಂಸ್ಕೃತಿಕ ಸಂಘಕ್ಕೆ ನನ್ನದೊಂದು ಸೂಚನೆ. ಸುತ್ತಲಿನ ಊರುಗಳ ತಮಟೆ, ಡೊಳ್ಳು, ನಗಾರಿ, ಉರುಮೆಗಳ ವಾದಕರನ್ನು ಕರೆಸಿ, ಪ್ರತಿಯೊಂದು ಪೆಟ್ಟನ್ನೂ ಬೇರೆ ಬೇರೆ ಬಲಗಳಲ್ಲಿ ಧ್ವನಿಮುದ್ರಿಸೋಣ. ಹೈಡ್ರೋಜನ್ನಿನಲ್ಲಿ ಇಂಥ ಪೆಟ್ಟುಗಳಿಂದ ನಮ್ಮದೇ ವಾದ್ಯಗಳನ್ನು ಕಟ್ಟಿಕೊಳ್ಳುವ ಸೌಕರ್ಯವಿದೆ. ಅವರ ನಡೆಗಳನ್ನು ಮಿಡಿಯಲ್ಲಿ ಬರೆದಿಡೋಣ. ಪ್ರತಿಯೊಂದು ಕಡತದ ಮೇಲೂ ವಾದಕನ ಹೆಸರು ಮತ್ತು ಊರು ಇರಲಿ. ಮುದ್ರಣದ ದಿನವೇ ಕೈಗೆ ಸಂಭಾವನೆ ಸಲ್ಲಲಿ. ಮುಂದೆ ಲಾಭ ಬಂದರೆ ಅದರಲ್ಲಿಯೂ ಪಾಲುಂಟೆಂದು ಕಾಗದದಲ್ಲಿ ಬರೆದುಕೊಡೋಣ. ಸಂಘದ ವಾರ್ಷಿಕ ಹಣದಲ್ಲಿ ಒಂದು ಸಮಾರಂಭದ ಶಾಮಿಯಾನದ ಬಾಡಿಗೆಯನ್ನು ಉಳಿಸಿದರೆ ಈ ಕೆಲಸಕ್ಕೆ ಆರಂಭ ದೊರೆತೀತು.

ಪರೀಕ್ಷೆ ಮುಗಿದೊಡನೆ ನಾವು ಅಂತಿಮ ವರ್ಷದವರು ಇಲ್ಲಿಂದ ಹೊರಡುತ್ತೇವೆ. ಬರುವ ವರ್ಷದ ಮಿತ್ರರು ಈ ಕಾರ್ಯವನ್ನು ಕೈಗೊಂಡಾರೆಂದು ನಂಬಿದ್ದೇನೆ. ಅವರು ಹೇಳಿಕಳುಹಿಸಿದರೆ ಮೊದಲ ದಿನ ತಮಟೆಯನ್ನು ಹೊತ್ತು ತರುವ ಹೊಣೆ ನನ್ನದು.