ವಿಷಸರ್ಪಗಳ ಸಾಕಣೆಯೂ ಗೂಡಿನ ಭದ್ರತೆಯೂ

2025ನೆಯ ಇಸವಿ ಜೂನ್ ತಿಂಗಳ ಮೊದಲಲ್ಲಿ ಥಾಯ್ಲೆಂಡಿನಿಂದ ಮುಂಬಯಿಯ ವಿಮಾನ ನಿಲ್ದಾಣಕ್ಕೆ ಬಂದಿಳಿದ ಪ್ರಯಾಣಿಕನೊಬ್ಬನ ಸಾಮಾನುಗಳನ್ನು ಸುಂಕದ ಅಧಿಕಾರಿಗಳು ಶೋಧಿಸಲಾಗಿ, ಜೇಡದಂತಹ ಬಾಲವುಳ್ಳ ಕೊಂಬಿನ ಮಂಡಲದ ಹಾವುಗಳು 3, ಇಂಡೊನೇಷ್ಯಾದ ಗುಳಿಮಂಡಲಗಳು 44, ಹೀಗೆ ಒಟ್ಟು 47 ವಿಷಸರ್ಪಗಳು ದೊರೆತವು. ಅದರ ಹಿಂದಿನ ವರ್ಷದ ಏಪ್ರಿಲಿನಲ್ಲಿ ಬ್ಯಾಂಕಾಕಿನಿಂದ ನಮ್ಮ ಬೆಂಗಳೂರಿಗೇ ಬಂದವನೊಬ್ಬನ ಪೆಟ್ಟಿಗೆಯಲ್ಲಿ 10 ಹಳದಿ ಅನಕೊಂಡಗಳು ಸಿಕ್ಕಿದ್ದವು. ಅವು ವಿಷವಿಲ್ಲದವೆಂಬುದಷ್ಟೇ ಸಮಾಧಾನ. ಪತ್ರಿಕೆಗಳು ಈ ಸುದ್ದಿಗಳನ್ನು ವಿನೋದದ ವಾರ್ತೆಗಳಂತೆ ಅಚ್ಚುಹಾಕಿದವು. ಜನರು ಓದಿ ಬೆರಗಾಗಿ ಮರೆತರು. ಆದರೆ ಕೇಳಬೇಕಾಗಿದ್ದ ಒಂದು ಪ್ರಶ್ನೆಯನ್ನು ಯಾರೂ ಕೇಳಿದಂತೆ ಕಾಣಲಿಲ್ಲ. ಆ 47 ಹಾವುಗಳು ಸಿಕ್ಕಿಬೀಳದೆ ಹೋಗಿದ್ದರೆ ಯಾವ ಊರಿನ, ಯಾವ ಬೀದಿಯ, ಯಾವ ಮನೆಯ ಎಂತಹ ಪೆಟ್ಟಿಗೆಯಲ್ಲಿ ಇರುತ್ತಿದ್ದವು?

ಈ ಪ್ರಶ್ನೆ ನಮ್ಮ ದೇಶಕ್ಕೆ ಅಷ್ಟು ಅಗತ್ಯವಾದುದೇ ಎಂದು ಕೆಲವರು ಸಂದೇಹಪಡಬಹುದು. 2000ದಿಂದ 2019ರ ವರೆಗೆ ಹಾವು ಕಚ್ಚಿ ಸತ್ತ ಭಾರತೀಯರ ಸಂಖ್ಯೆ ಸುಮಾರು 12 ಲಕ್ಷ, ಎಂದರೆ ವರ್ಷಕ್ಕೆ ಸರಾಸರಿ 58,000 ಎಂದು ತಜ್ಞರು ಲೆಕ್ಕಹಾಕಿದ್ದಾರೆ. ಸತ್ತವರಲ್ಲಿ ಬಹುಮಂದಿ ಹಳ್ಳಿಗಾಡಿನ ರೈತರು, ಕೂಲಿಗಳು. ಅವರಾರೂ ಹಾವನ್ನು ಸಾಕಿದವರಲ್ಲ. ಇಷ್ಟು ದೊಡ್ಡ ಅನರ್ಥವು ಕಣ್ಣೆದುರಿಗಿರುವಾಗ ಪಟ್ಟಣದ ಕೆಲವು ಹವ್ಯಾಸಿಗಳ ಗೂಡಿನ ವಿಚಾರವನ್ನು ಎತ್ತಿಕೊಳ್ಳುವುದೇಕೆ ಎಂದರೆ, ಎರಡು ಅಪಾಯಗಳೂ ಒಂದೇ ಬಗೆಯವಲ್ಲ. ಹೊಲದಲ್ಲಿರುವ ಹಾವನ್ನು ಯಾರೂ ತಂದಿಟ್ಟಿಲ್ಲ. ಮನೆಯ ಪೆಟ್ಟಿಗೆಯಲ್ಲಿರುವ ಹಾವಾದರೋ ಒಬ್ಬನು ತನ್ನ ವಿನೋದಕ್ಕಾಗಿ ನೆರೆಹೊರೆಯವರ ಮೇಲೆ, ಅವರ ಅರಿವೂ ಒಪ್ಪಿಗೆಯೂ ಇಲ್ಲದೆ ಹೊರಿಸಿದ ಅಪಾಯ. ಆದಕಾರಣ ಆ ಗೂಡಿನ ಗೋಡೆ, ಬಾಗಿಲು, ಬೀಗಗಳು ಸಾಕುವವನ ಸ್ವಂತ ವಿಚಾರವೆಂಬ ಮಾತನ್ನು ನಾವು ಒಪ್ಪಲಾರೆವು.

ಅಮೆರಿಕದ ಉತ್ತರ ಕೆರೊಲಿನಾ ಸಂಸ್ಥಾನದ ರಾಜಧಾನಿಯಾದ ರಾಲೆ ಪಟ್ಟಣದಲ್ಲಿ ನಡೆದ ಸಂಗತಿಯು ಇಲ್ಲಿ ಮನನಯೋಗ್ಯವಾದುದು. 2021ರ ಜೂನ್ 28ರಂದು ಅಲ್ಲಿಯ ಒಂದು ಮನೆಯ ಜಗಲಿಯ ಮೇಲೆ ಹಾವೊಂದು ಕಾಣಿಸಿಕೊಂಡಿತು. ಅದು ಆಫ್ರಿಕದ ನಮೀಬಿಯಾ, ಅಂಗೋಲಾ ಸೀಮೆಗಳ ಜೀಬ್ರಾ ನಾಗರ. ಕಚ್ಚುವುದಲ್ಲದೆ ಎದುರಿನವರ ಕಣ್ಣಿಗೆ ವಿಷವನ್ನು ಉಗುಳುವ ಜಾತಿ. ಪೋಲೀಸಿನವರು ಮನೆಮನೆಗೂ ಎಚ್ಚರಿಕೆ ಕೊಟ್ಟರು. ಎರಡು ದಿನಗಳ ಮೇಲೆ ಹಾವು ಸಿಕ್ಕಿತು. ಅನಂತರ ವಿಚಾರಣೆಯಿಂದ ತಿಳಿದುಬಂದುದೇನೆಂದರೆ, ಅದು ಅದೇ ಬಡಾವಣೆಯ ಗೃಹಸ್ಥನೊಬ್ಬನ ಗೂಡಿನಿಂದ 2020ರ ನವೆಂಬರಿನಲ್ಲಿಯೇ ತಪ್ಪಿಸಿಕೊಂಡಿತ್ತು! ಏಳು ತಿಂಗಳ ಕಾಲ ಆ ಬಡಾವಣೆಯ ಮಕ್ಕಳು ಅಂಗಳದಲ್ಲಿ ಆಡಿದರು, ಹೆಂಗಸರು ಹೂಗಿಡಗಳ ಬುಡ ಕೆದಕಿದರು, ಯಾರಿಗೂ ಸುಳಿವಿಲ್ಲ. ಆ ಗೃಹಸ್ಥನ ಮೇಲೆ 40 ಆಪಾದನೆಗಳನ್ನು ಹೊರಿಸಲಾಯಿತು. ಹಾವು ತಪ್ಪಿಸಿಕೊಂಡುದನ್ನು ತಿಳಿಸದೆ ಇದ್ದುದು ಒಂದು. ಉಳಿದವುಗಳಲ್ಲಿ ಬಹುಪಾಲು ಗೂಡುಗಳ ಭದ್ರತೆಗೂ ಅವುಗಳ ಮೇಲಿನ ಬರಹಕ್ಕೂ ಸಂಬಂಧಪಟ್ಟವು. ಕಡೆಗೆ ತಿಳಿಸದೆ ಇದ್ದ ಒಂದು ತಪ್ಪನ್ನು ಒಪ್ಪಿಕೊಂಡು, ಹುಡುಕಾಟದ ವೆಚ್ಚವೆಂದು ಸುಮಾರು 13,000 ಡಾಲರುಗಳನ್ನು ಕಟ್ಟಿಕೊಡಬೇಕಾಯಿತು.

ಆ ಸಂಸ್ಥಾನದಲ್ಲಿ ಕಾಯಿದೆಯಿರಲಿಲ್ಲವೆಂದು ವಾಚಕರು ಎಣಿಸಬಾರದು. 2009ರಲ್ಲಿ ಮಾಡಿದ ಕಾಯಿದೆಯೊಂದುಂಟು, ಅದರ ಒಕ್ಕಣೆಯೂ ಶ್ಲಾಘ್ಯವಾಗಿದೆ. ವಿಷಸರ್ಪದ ಗೂಡು ಗಟ್ಟಿಯಾಗಿರಬೇಕು, ಹಾವು ತಪ್ಪಿಸಿಕೊಳ್ಳಲಾಗದಂತೆಯೂ, ಗೂಡಿನ ಒಳಗಿನಿಂದ ಹೊರಗಿನವರನ್ನು ಕಚ್ಚಲಾಗದಂತೆಯೂ ಇರಬೇಕು, ಕೆಲಸಮಾಡುವ ಬೀಗವಿರಬೇಕು, ಒಳಗೆ ವಿಷದ ಹಾವು ಇದೆಯೆಂದೂ, ಅದರ ರೂಢಿಯ ಹೆಸರು, ಶಾಸ್ತ್ರೀಯ ನಾಮ, ಅದಕ್ಕೆ ತಕ್ಕ ವಿಷಹರ ಔಷಧ, ಒಡೆಯನ ಗುರುತು ಇವನ್ನೂ ಮೇಲೆ ಬರೆದಿರಬೇಕು, ಕಚ್ಚಿದರೆ ಮಾಡಬೇಕಾದುದು, ತಪ್ಪಿಸಿಕೊಂಡರೆ ಹಿಡಿಯುವ ಉಪಾಯ, ಇವುಗಳ ಲಿಖಿತ ಕ್ರಮವು ಗೂಡಿನ ಬಳಿ ಕಣ್ಣಿಗೆ ಕಾಣುವಂತಿರಬೇಕು, ಹಾವು ತಪ್ಪಿಸಿಕೊಂಡರೆ ತತ್‌ಕ್ಷಣ ಪೋಲೀಸಿಗೆ ತಿಳಿಸಬೇಕು. ಇದಕ್ಕಿಂತ ಹೆಚ್ಚಾಗಿ ಒಂದು ಕಾಯಿದೆ ಏನು ಹೇಳಬಲ್ಲುದು? ಆದರೆ ಸಾಕುವವನು ರಹದಾರಿ ಪಡೆಯಬೇಕೆಂದಾಗಲಿ, ಅಧಿಕಾರಿಯೊಬ್ಬನು ಬಂದು ಗೂಡನ್ನು ನೋಡಬೇಕೆಂದಾಗಲಿ ಆ ಕಾಯಿದೆಯಲ್ಲಿರಲಿಲ್ಲ. ಇಷ್ಟು ಅಂದವಾಗಿ ಬರೆದ ನಿಯಮಗಳನ್ನು ಆ ಮನೆಯ ಗೂಡುಗಳ ಮುಂದೆ ಹಿಡಿದು ಓದಿದವರು ಮೊದಲಬಾರಿಗೆ ಹೋದದ್ದು ಹಾವು ಜಗಲಿಗೆ ಬಂದ ಮೇಲೆ.

ಇನ್ನು ಗೂಡಿನ ವಿಚಾರ. ನಮ್ಮ ಬಡಗಿಗಳು ಕೋಳಿಗೂಡನ್ನು ಮಾಡುವಂತೆ ಇದನ್ನು ಮಾಡಲಾಗದು. ಹಾವಿನ ತಲೆ ತೂರಿದ ಸಂದಿನಲ್ಲಿ ಸಾಮಾನ್ಯವಾಗಿ ಅದರ ಮೈಯೂ ತೂರುತ್ತದೆ. ಹೊಟ್ಟೆ ತುಂಬಿದ ದಿನ ತೂರದ ಸಂದಿನಲ್ಲಿ ಹಸಿದ ದಿನ ತೂರುತ್ತದೆ. ರಾತ್ರಿಯೆಲ್ಲ ಮೂತಿಯಿಂದ ಮೂಲೆಮೂಲೆಯನ್ನು ಒತ್ತಿನೋಡುವುದು ಅದರ ಸ್ವಭಾವ. ಒಂದರ ಹಿಂದೊಂದು ಜಾರುವ ಗಾಜಿನ ಕದಗಳಿದ್ದರೆ ಆ ಎರಡು ಗಾಜುಗಳ ನಡುವಣ ಸಂದೇ ಮರಿಹಾವಿಗೆ ಹೆಬ್ಬಾಗಿಲು. ಗಾಳಿಗಾಗಿ ಕೊರೆದ ಕಂಡಿಗಳಿಗೆ ಸಣ್ಣ ಕಣ್ಣಿನ ಲೋಹದ ಜಾಲರಿಯನ್ನು ಬಿಗಿಯಬೇಕು. ಉಗುಳುವ ಜಾತಿಯಾದರೆ ಮುಖದ ಮಟ್ಟದಲ್ಲಿ ಜಾಲರಿಯೇ ಇರಬಾರದು, ಗಾಜಿರಬೇಕು. ಮರದ ಹಲಗೆ ನಮ್ಮ ಹವೆಗೆ ಅಷ್ಟಾಗಿ ಒಗ್ಗುವುದಿಲ್ಲವೆಂದೇ ಹೇಳಬೇಕು. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಾಘದಲ್ಲಿ ಸರಿಯಾಗಿ ಕೂತ ಕದವು ಆಷಾಢದಲ್ಲಿ ಉಬ್ಬಿ ಮುಚ್ಚಿಕೊಳ್ಳದಿರುವುದನ್ನು, ಮರುಬೇಸಗೆಗೆ ಬಿರುಕುಬಿಡುವುದನ್ನು ಕಾಣದ ಗೃಹಸ್ಥರಿಲ್ಲ. ಬೀರುವಿನ ಬಾಗಿಲಿನಲ್ಲಿ ಇದು ಬರಿಯ ಕಿರುಕುಳ, ನಾಗರಹಾವಿನ ಬಾಗಿಲಿನಲ್ಲಿ ಪ್ರಾಣಕ್ಕೆ ಬಂದ ಮಾತು. ಬೀಗವು ಹಾವಿಗಾಗಿ ಅಲ್ಲ. ಮನೆಯ ಮಕ್ಕಳಿಗಾಗಿ, ಕಸಗುಡಿಸಲು ಬಂದ ಆಳಿಗಾಗಿ, ಕುತೂಹಲದ ನಂಟರಿಗಾಗಿ.

ಇವೆಲ್ಲಕ್ಕಿಂತ ಮುಖ್ಯವಾದುದು ಗೂಡಿನೊಳಗಣ ಗೂಡು. ಅನುಭವಶಾಲಿಗಳು ದೊಡ್ಡ ಗೂಡಿನ ಒಳಗೆ, ಹಾವು ತಾನಾಗಿ ಹೋಗಿ ಅಡಗಿಕೊಳ್ಳುವಂತಹ ಚಿಕ್ಕ ಪೆಟ್ಟಿಗೆಯೊಂದನ್ನಿಟ್ಟು, ಅದರ ಬಾಯನ್ನು ಹೊರಗಿನಿಂದಲೇ ಮುಚ್ಚುವಂತೆ ಏರ್ಪಡಿಸುತ್ತಾರೆ. ಹಾವು ಅದರೊಳಗೆ ಸೇರಿ ಬಾಗಿಲು ಮುಚ್ಚಿದ ಮೇಲೆ ನೀರಿನ ಬಟ್ಟಲನ್ನು ತೊಳೆಯುವುದು, ಹೊಲಸನ್ನು ತೆಗೆಯುವುದು. ಹಾವು ಎಲ್ಲಿದೆಯೆಂದು ಕಣ್ಣಾರೆ ಕಾಣದೆ ಕದ ತೆಗೆಯಬಾರದೆಂಬುದು ಅವರ ಮೊದಲ ನಿಯಮ. ಕೊಕ್ಕೆಯಲ್ಲಿ ಹಾವನ್ನೆತ್ತಿ ಕುಣಿಸಿ ಚಿತ್ರ ತೆಗೆಸಿಕೊಳ್ಳುವ ನಮ್ಮ ತರುಣರಲ್ಲಿ ಈ ಪೆಟ್ಟಿಗೆಯ ಹೆಸರನ್ನು ಕೇಳಿದವರು ಎಷ್ಟು ಮಂದಿಯೋ!

ಎಷ್ಟು ಜಾಗರೂಕತೆಯಿಂದ ಕಟ್ಟಿದ ಗೂಡೂ ತಪ್ಪುವ ದಿನವೊಂದುಂಟು. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದ ಸ್ಕಾನ್ಸೆನ್ ಪ್ರಾಣಿಸಂಗ್ರಹಾಲಯದಲ್ಲಿ 2022ರ ಅಕ್ಟೋಬರಿನಲ್ಲಿ ಹೊಸದಾಗಿ ತಂದ ಕಾಳಿಂಗಸರ್ಪವೊಂದು ಗೂಡಿನ ಚಾವಣಿಯ ದೀಪದ ಸಂದಿನಿಂದ ಹೊರಬಿತ್ತು. ಹಿಂದೆ ಅಲ್ಲಿದ್ದ ದೀಪದ ಕಾವಿಗೆ ಯಾವ ಹಾವೂ ಅತ್ತ ಸುಳಿಯುತ್ತಿರಲಿಲ್ಲ. ವಿದ್ಯುತ್ತು ಉಳಿಯಲೆಂದು ತಣ್ಣನೆಯ ಹೊಸ ದೀಪವನ್ನು ಹಾಕಿದಾಗ, ಆ ಕಾವೇ ಒಂದು ಬೀಗವಾಗಿತ್ತೆಂಬುದು ಯಾರಿಗೂ ಹೊಳೆಯಲಿಲ್ಲ. ಗೋಡೆಯೊಳಗಿದ್ದ ಹಾವನ್ನು ಎಕ್ಸ್‌ರೇ ಯಂತ್ರಗಳಿಂದ ಪತ್ತೆಹಚ್ಚಿದರು. ಸುಮಾರು ಒಂದು ವಾರದ ಮೇಲೆ ಅದು ತಾನಾಗಿಯೇ ಗೂಡಿಗೆ ಮರಳಿತು. ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ 2011ರ ಮಾರ್ಚಿನಲ್ಲಿ ಕಾಣೆಯಾದ ಈಜಿಪ್ಟಿನ ಮರಿನಾಗರವೂ ಆ ತಿಂಗಳ ಕಡೆಯಲ್ಲಿ ಅದೇ ಕಟ್ಟಡದೊಳಗೇ ಸಿಕ್ಕಿತು. ಎರಡು ಕಡೆಯೂ ಮೊದಲನೆಯ ಗೋಡೆ ಸೋತಿತು, ಎರಡನೆಯ ಗೋಡೆ ಗೆದ್ದಿತು. ಗೂಡುಗಳಿರುವ ಕೋಣೆಯೇ ಒಂದು ಗೂಡಾಗಿರಬೇಕು: ಬಾಗಿಲ ಕೆಳಗೆ ಸಂದಿಲ್ಲದೆ, ಬಚ್ಚಲ ತೂಬಿಗೆ ಜಾಲರಿ ಹಾಕಿ, ಅಟ್ಟ ಬೀರುಗಳ ಗೊಡವೆಯಿಲ್ಲದೆ, ಒಳಗೆ ಕಾಲಿಡುವ ಮುನ್ನ ನೋಡಲು ಬಾಗಿಲಿನಲ್ಲಿ ಗಾಜಿಟ್ಟು, ದೀಪದ ಗುಂಡಿ ಹೊರಗಿರುವಂತೆ. ಬಾಡಿಗೆಯ ಮನೆಯ ಮಲಗುವ ಕೋಣೆಯಲ್ಲಿ ಪ್ಲಾಸ್ಟಿಕ್ಕಿನ ಡಬ್ಬಿಗಳನ್ನು ಪೇರಿಸಿಟ್ಟವನಿಗೆ ಈ ಎರಡನೆಯ ಗೋಡೆ ಎಲ್ಲಿಂದ ಬರಬೇಕು?

ಔಷಧದ ಮಾತು ಇದಕ್ಕಿಂತಲೂ ಕಠಿನ. ನಮ್ಮ ಆಸ್ಪತ್ರೆಗಳಲ್ಲಿ ದೊರೆಯುವ ವಿಷಹರ ಔಷಧವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷದಿಂದ ತಯಾರಾದುದು. ನಮ್ಮದೇ ಕಾಡುಗಳ ಕಾಳಿಂಗಸರ್ಪಕ್ಕೂ ಗುಳಿಮಂಡಲಗಳಿಗೂ ಅದನ್ನು ಮಾಡಿದ್ದಲ್ಲ. ಹೀಗಿರಲು ಇಂಡೊನೇಷ್ಯಾದ ಗುಳಿಮಂಡಲವೋ ಆಫ್ರಿಕದ ಮಾಂಬಾವೋ ಕಚ್ಚಿದವನನ್ನು ಹುಬ್ಬಳ್ಳಿಯ ಅಥವಾ ಮೈಸೂರಿನ ವೈದ್ಯರು ಏನು ಮಾಡಬಲ್ಲರು? ಮೇಲೆ ಹೇಳಿದ ರಾಲೆಯ ಗೃಹಸ್ಥನಿಗೇ 2021ರ ಮಾರ್ಚಿನಲ್ಲಿ ತನ್ನ ಹಸಿರು ಮಾಂಬಾ ಕಚ್ಚಿ, ನೆರೆಯ ದಕ್ಷಿಣ ಕೆರೊಲಿನಾ ಸಂಸ್ಥಾನದ ಮೃಗಾಲಯದವರು ತಮಗಾಗಿ ಇಟ್ಟುಕೊಂಡಿದ್ದ ಔಷಧವನ್ನು ಕೊಟ್ಟುದರಿಂದ ಜೀವ ಉಳಿಯಿತು. ಹಾಗೆ ಕೇಳಲು ನಮಗೆ ನೆರೆಯಲ್ಲಿ ಯಾರಿದ್ದಾರೆ? ಔಷಧವನ್ನು ಕಾಣದ ಹಾವಿಗೆ ಕಟ್ಟಿದ ಗೂಡು, ಉಕ್ಕಿನದೇ ಆಗಿರಲಿ, ಪೂರ್ಣವಾದ ಗೂಡಲ್ಲ.

ಭದ್ರವಾದ ಗೂಡಿಗೆ ಹಣವೇ ಬೇಕೆಂದು ನಾವು ಹೇಳುತ್ತಿಲ್ಲ. ಚೆನ್ನೈ ಬಳಿಯ ವಡನೆಮ್ಮೇಲಿಯಲ್ಲಿ ಇರುಳ ಜನಾಂಗದವರು 1978ರಲ್ಲಿ ಕಟ್ಟಿಕೊಂಡ ಸಹಕಾರ ಸಂಘದಲ್ಲಿ, ವಿಷ ತೆಗೆಯಲೆಂದು ತಂದ ಹಾವುಗಳನ್ನು ಅರ್ಧಕ್ಕೆ ಮರಳು ತುಂಬಿದ ಮಣ್ಣಿನ ಮಡಕೆಗಳಲ್ಲಿಟ್ಟು, ಬಾಯಿಗೆ ಹತ್ತಿಬಟ್ಟೆ ಕಟ್ಟಿಡುತ್ತಾರೆ. ತಂಪು, ಕತ್ತಲೆ, ಗಾಳಿ ಮೂರೂ ಹಾವಿಗೆ ದೊರೆಯುತ್ತವೆ. ಅರಣ್ಯ ಇಲಾಖೆಯ ಅನುಮತಿಯ ಮೇರೆಗೆ ಇಂತಿಷ್ಟೇ ಹಾವುಗಳನ್ನು ಹಿಡಿದು, ಕೆಲವು ವಾರ ಇಟ್ಟುಕೊಂಡು ಕಾಡಿಗೆ ಬಿಡುತ್ತಾರೆ. ದೇಶದ ವಿಷಹರ ಔಷಧಕ್ಕೆ ಬೇಕಾದ ವಿಷದ ಬಹುಪಾಲು ಈ ಮಡಕೆಗಳಿಂದ ಬಂದಿದೆ. ಅಲ್ಲಿ ಮಡಕೆ ಸಾಕಾಗಲು ಕಾರಣ, ಅದರ ಸುತ್ತಲೂ ತಲೆಮಾರುಗಳ ಅರಿವುಳ್ಳ ಜನರೂ, ಲೆಕ್ಕದ ಪುಸ್ತಕವೂ, ಕೇಳುವ ಇಲಾಖೆಯೂ ಇರುವುದೇ. ಇದೇ ಮಡಕೆಯನ್ನು ಹವ್ಯಾಸಿಯ ಮನೆಯಲ್ಲಿಟ್ಟರೆ ಅದು ಬರಿಯ ಮಡಕೆ. ನಮ್ಮ ಊರುಗಳಲ್ಲಿ ಮನೆಗಳಿಗೆ ನುಗ್ಗಿದ ಹಾವನ್ನು ಹಿಡಿದು ಉಪಕಾರಮಾಡುವ ಮಹಾಶಯರಲ್ಲಿ ಕೆಲವರು ಅದನ್ನು ಅಂದೇ ಬಿಡದೆ ಡಬ್ಬಿಗಳಲ್ಲಿಟ್ಟು ಬಂದವರಿಗೆಲ್ಲ ತೋರಿಸುವುದನ್ನು ನಾವು ಬಲ್ಲೆವು. ಅವರ ಧೈರ್ಯಕ್ಕೆ ನಮ್ಮ ಗೌರವವುಂಟು, ಆ ಡಬ್ಬಿಗಳಿಗಿಲ್ಲ.

ಕಾಯಿದೆಯ ಸ್ಥಿತಿಯೇನು? ನಮ್ಮ ನಾಡಿನ ನಾಗರ, ಕಾಳಿಂಗ, ಕೊಳಕುಮಂಡಲಗಳನ್ನು ಅನುಮತಿಯಿಲ್ಲದೆ ಹಿಡಿಯುವುದೂ ಇಟ್ಟುಕೊಳ್ಳುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಇವುಗಳಿಗೆ ಮನೆಯಲ್ಲಿ ಗೂಡು ಹೇಗಿರಬೇಕೆಂಬ ಪ್ರಶ್ನೆಯೇ ಏಳುವುದಿಲ್ಲ, ಗೂಡೇ ಇರಕೂಡದು. ವಿದೇಶೀ ಪ್ರಾಣಿಗಳ ವಿಚಾರದಲ್ಲಿ 2022ರ ತಿದ್ದುಪಡಿಯೂ 2024ರ ನೋಂದಣಿಯ ನಿಯಮಗಳೂ ಬಂದಿವೆ. ಆದರೆ ಅವು ಅನ್ವಯಿಸುವುದು ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗಳಲ್ಲಿ ಹೆಸರಿರುವ ಪ್ರಾಣಿಗಳಿಗೆ. ಆ ಪಟ್ಟಿಗಳು ವ್ಯಾಪಾರದಿಂದ ನಾಶವಾಗಬಹುದಾದ ಜಾತಿಗಳ ರಕ್ಷಣೆಗಾಗಿ ಆದುವೇ ಹೊರತು ಮನುಷ್ಯರ ರಕ್ಷಣೆಗಾಗಿ ಆದುವಲ್ಲ. ರಾಲೆಯಲ್ಲಿ ಓಡಿಹೋದ ಜಾತಿಯಂತಹ ಎಷ್ಟೋ ವಿಷಸರ್ಪಗಳು ಅವುಗಳಲ್ಲಿಲ್ಲ. ಹೀಗೆ ವಿಷವಿಲ್ಲದ ಹೆಬ್ಬಾವಿಗೆ ನೋಂದಣಿ, ವಿಷವುಳ್ಳ ಮಾಂಬಾಕ್ಕೆ ಇಲ್ಲವೆಂಬ ವಿಪರೀತ ಒದಗಿದೆ.

ಇಂಗ್ಲೆಂಡಿನವರು 1976ರಲ್ಲಿಯೇ ಅಪಾಯಕರ ವನ್ಯಪ್ರಾಣಿಗಳ ಕಾಯಿದೆಯನ್ನು ಮಾಡಿ, ಪಶುವೈದ್ಯರು ಗೂಡನ್ನು ಪರೀಕ್ಷಿಸದೆ, ವಿಮೆಯಿಲ್ಲದೆ, ರಹದಾರಿ ಕೊಡಕೂಡದೆಂದು ಗೊತ್ತುಮಾಡಿದರು. ಜರ್ಮನಿಯ ಹೆರ್ನೆ ಪಟ್ಟಣದಲ್ಲಿ 2019ರ ಆಗಸ್ಟಿನಲ್ಲಿ ನಾಗರವೊಂದು ತಪ್ಪಿಸಿಕೊಂಡು ಸುಮಾರು 30 ಜನರು ಮನೆ ಬಿಡಬೇಕಾಗಿ ಬಂದ ಮೇಲೆ, ಆ ಪ್ರಾಂತದ ಸರ್ಕಾರವು 2021ರ ಜನವರಿ 1ರಿಂದ ವಿಷಪ್ರಾಣಿಗಳನ್ನು ಹೊಸದಾಗಿ ಸಾಕುವುದನ್ನೇ ನಿಷೇಧಿಸಿತು. ನಮಗೆ ಈ ಎರಡನೆಯ ದಾರಿಯೇ ಸರಿಯೆಂದು ತೋರುತ್ತದೆ. ವಿದೇಶೀ ವಿಷಸರ್ಪಗಳನ್ನು ಖಾಸಗಿ ಮನೆಗಳಲ್ಲಿ ಇಡುವುದನ್ನು ಕೇಂದ್ರ ಸರ್ಕಾರದವರು ಜಾತಿಭೇದವಿಲ್ಲದೆ ನಿಷೇಧಿಸಬೇಕು. ಈಗಾಗಲೇ ಇಟ್ಟುಕೊಂಡಿರುವವರು ಗೊತ್ತಾದ ಅವಧಿಯೊಳಗೆ ತಂದೊಪ್ಪಿಸಿದರೆ ಶಿಕ್ಷೆಯಿಲ್ಲವೆಂದು ಸಾರಬೇಕು. ಇಲ್ಲವಾದರೆ ಹೆದರಿದವರು ಹಾವನ್ನು ಊರಾಚೆಯ ಕೆರೆಯಂಗಳಕ್ಕೆ ಬಿಟ್ಟು ಕೈತೊಳೆದುಕೊಳ್ಳುವರು. ಒಪ್ಪಿಸಿದವುಗಳನ್ನು ಇಡಲು ಮೃಗಾಲಯಗಳಲ್ಲಿ ಮೇಲೆ ಹೇಳಿದಂತಹ ಎರಡು ಗೋಡೆಯ ಕೋಣೆಗಳು ಮೊದಲೇ ಸಿದ್ಧವಾಗಿರಬೇಕು. ಕರ್ನಾಟಕ ಸರ್ಕಾರದವರು 2024ರ ಫೆಬ್ರವರಿಯಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿಮಾಡತಕ್ಕದ್ದೆಂದು ಆಜ್ಞಾಪಿಸಿ ಇತರ ಪ್ರಾಂತಗಳಿಗೆ ದಾರಿ ತೋರಿಸಿದರು. ಆ ವರದಿಯಲ್ಲಿ, ಕಚ್ಚಿದುದು ಸಾಕಿದ ಹಾವೇ, ಅದರ ಗೂಡನ್ನು ನೋಡಿದವರು ಯಾರು ಎಂಬ ಇನ್ನೆರಡು ಪ್ರಶ್ನೆಗಳನ್ನು ಸೇರಿಸಲು ಹೊಸ ಕಾಯಿದೆಯಾಗಲಿ ಹೊಸ ಹಣವಾಗಲಿ ಬೇಕಾಗಿಲ್ಲ. ಆರೋಗ್ಯ ಇಲಾಖೆಯವರೂ ಅರಣ್ಯ ಇಲಾಖೆಯವರೂ ಇದನ್ನು ಮುಂದಿನ ಮಳೆಗಾಲಕ್ಕೆ ಮುಂಚೆ ಮಾಡುವರೆಂದು ನಾವು ನಿರೀಕ್ಷಿಸುತ್ತೇವೆ.